ದಾದಾಪೀರ ಕಾಕಾ ಕೇಳಿಸಿಕೊಂಡ ‘ಟಕ್’

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಹಳೇ ಹುಬ್ಬಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ ನೆಲದ ಮೇಲೆ ಮೊಣಕಾಲೂರಿ, ಲ್ಯಾಪ್‌ಟಾಪಿನ ಮೈಗೆ ಕಿವಿ ಹಚ್ಚಿ ಕುಳಿತಿದ್ದೆ. ಡಾಕ್ಟರು ಎದೆಬಡಿತ ಕೇಳುವ ಹಾಗೆ. ಹಿಂದೆ ಕುರ್ಚಿಯಲ್ಲಿದ್ದ ಎಪ್ಪತ್ತು ದಾಟಿದ ಹಿರಿಯರು ನಗುತ್ತಿದ್ದರು.

“ಕೇಳಿಸ್ತೇನ್ರಿ?”

“ಇಲ್ಲ ಕಾಕಾ.”

“ನನಗ ಇಲ್ಲಿಂದನ ಕೇಳಿಸಾಕತ್ತೈತಿ!”

ಅವರ ಕುರ್ಚಿ ಇದ್ದದ್ದು ಎಂಟು ಅಡಿ ದೂರದಲ್ಲಿ.

ಮೊದಲಿನಿಂದ ಹೇಳುತ್ತೇನೆ. (ನನ್ನ ನೆನಪಿನ ಮೇಲೆ ಈಚೆಗೆ ನನಗೇ ಭರವಸೆ ಕಡಿಮೆ. ಹೀಗಾಗಿ ಬರೆಯುವ ಮುಂಚೆ ಆ ಮನೆಯ ಸೊಸೆಗೆ ಫೋನ್ ಮಾಡಿ ಎಲ್ಲವನ್ನೂ ಖಾತ್ರಿ ಮಾಡಿಕೊಂಡಿದ್ದೇನೆ.)

ದಾದಾಪೀರ ಕಾಕಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಧಾರವಾಡದ ದೊಡ್ಡ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಯೂನಿವರ್ಸಿಟಿಯಲ್ಲಿ ಫಿಜಿಕ್ಸ್ ಮುಗಿಸಿದ ಮೇಲೆ ನಾನು ಅದೇ ಕಚೇರಿಯಲ್ಲಿ ಒಂದು ವರ್ಷ ಹಂಗಾಮಿ ಕೆಲಸ ಮಾಡಿದ್ದೆ. ಆಗಿನ ಪರಿಚಯ ಇನ್ನೂ ಉಳಿದಿದೆ. ಕಚೇರಿಯ ಪ್ರತಿ ಟೇಬಲ್ಲಿನ ನಂಬರು ಅವರಿಗೆ ಇವತ್ತಿಗೂ ಬಾಯಿಪಾಠ. ನನಗೆ ಹೆಂಡತಿಯ ಮೊಬೈಲ್ ನಂಬರೂ ಬಾರದು.

ನಿವೃತ್ತಿಯ ನಂತರ ಕಾಕಾಗೆ ದಿನಾ ಪೇಪರ್ ಓದಿ ಹೇಳುವವಳು ಸೊಸೆ ಶಬಾನಾ. ಗಬ್ಬೂರಿನಲ್ಲಿ ಬೆಳೆದು ಕನ್ನಡ ಶಾಲೆಯಲ್ಲಿ ಕಲಿತವಳು. ಸ್ಪಷ್ಟ ಓದು. ನನ್ನ ಅಂಕಣವನ್ನೂ ಓದುತ್ತಾಳಂತೆ, ಆದರೆ ಬ್ರಾಕೆಟ್ಟಿನಲ್ಲಿರುವುದನ್ನು ಬಿಟ್ಟು.

“ಅದರಾಗ ಅಷ್ಟೇನ ಮುಖ್ಯ ಇರಂಗಿಲ್ಲಲ್ರಿ ಸರ್,” ಅಂದಳು ಮುಗ್ಧವಾಗಿ. (ಇಷ್ಟು ವರ್ಷ ನಾನು ಬರೆದದ್ದೇ ಬ್ರಾಕೆಟ್ಟಿನ ಸಲುವಾಗಿ. ಇರಲಿ.)

ಆದರೆ ಶಬಾನಾ ಇನ್ನೊಂದನ್ನೂ ಬಿಡುತ್ತಿದ್ದಳು. ನಿಧನ ವಾರ್ತೆ.

ಟೆಲಿಫೋನ್ ಬೋರ್ಡಿನ ಮುಂದೆ ಕಾಕಾನ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತವರು ಶಿರಗುಪ್ಪಿಯ ಗುರುಪಾದಪ್ಪ. ಊಟದ ಡಬ್ಬಿ ಎರಡು, ತಿನ್ನುವುದು ಒಂದರಲ್ಲೇ. ಕಳೆದ ವರ್ಷ ಅವರು ತೀರಿಕೊಂಡರು. ಪೇಪರಿನಲ್ಲಿ ಬಂತು. ಶಬಾನಾ ನೋಡಿದಳು. ಪುಟ ತಿರುವಿದಳು. ಎರಡು ತಿಂಗಳ ಮೇಲೆ ಕಾಕಾ ಸುಮ್ಮನೆ ಹರಟೆಗೆಂದು ಗುರುಪಾದಪ್ಪನ ಮನೆಗೆ ಫೋನ್ ಹಚ್ಚಿದರೆ, ಆ ಕಡೆ ಮಗ ಅಳತೊಡಗಿದ.

“ಗೆಳ್ಯಾನ ಮಣ್ಣಿಗೆ ಹೋಗೂದು ಸೈತ ತಪ್ಪಿತ್ರಿ ನನಗ,” ಅಂದರು ಕಾಕಾ. ಇದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ಶಬಾನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಆ ವಾರನ ದವಾಖಾನಿಯಿಂದ ಬಂದಿದ್ರು ಸರ್. ಬಿಪಿ ಏರಿತ್ತು. ಹೆಂಗ ಓದ್ಲಿ ಹೇಳ್ರಿ ನೀವ?”

ನಾನಾಗಿದ್ದರೂ ಪುಟ ತಿರುವುತ್ತಿದ್ದೆ.

ಅಲ್ಲಿಂದ ಕಾಕಾಗೆ ಒಂದೇ ಹಟ. ತನ್ನ ಪೇಪರನ್ನು ತಾನೇ ಓದಬೇಕು. ಟಚ್ ಫೋನ್ ಪ್ರಯತ್ನಿಸಿ ಬಿಟ್ಟರು. “ಗಾಜಿನ ಮ್ಯಾಲೆ ಬಟ್ಟು ಜಾರತೈತ್ರಿ. ನನಗ ಒತ್ತಿದ್ರ ಒತ್ತಿದಂಗ ಆಗಬೇಕು,” ಅಂದರು. ಸರಿ, ಕೀಬೋರ್ಡು ಬೇಕು. ನನ್ನ ಕಪಾಟಿನಲ್ಲಿ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಇತ್ತು. ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿತ್ತು. ಅದನ್ನು ಅಳಿಸಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಹಗುರವಾಗಿ ಓಡುತ್ತದೆ, ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರೂ ಪುಕ್ಕಟೆ ಸಿಗುತ್ತದೆ ಅಂತ ಗೊತ್ತಾಯಿತು. ತಾನೆಂದೂ ನೋಡದ, ಕಣ್ಣು ಕಾಣದ ಜನರಿಗಾಗಿ, ಹುಬ್ಬಳ್ಳಿ ಎಲ್ಲಿದೆ ಎಂದೂ ತಿಳಿಯದ ಯಾರೋ ಎಲ್ಲೋ ಕುಳಿತು ಅದನ್ನು ಬರೆದಿದ್ದಾರೆ. ನಾನು ಸುಲಭಕ್ಕೆ ಬೆರಗಾಗುವವನಲ್ಲ. ಇದಕ್ಕೆ ಆದೆ.

ಬುಧವಾರ ಕಾಕಾನ ಮನೆಯಲ್ಲೇ ಕುಳಿತು ಇನ್‌ಸ್ಟಾಲ್ ಮಾಡಿದೆ. ವೈಫೈ ಬಂತು. ಕನ್ನಡ ಅಕ್ಷರ ಬಂತು. ಗಡಿಯಾರ ಕೂಡ ಸರಿಯಾದ ಟೈಮ್ ತೋರಿಸಿತು.

ಸೌಂಡ್ ಬರಲಿಲ್ಲ.

ನಮಗೆ ನಿಮಗೆ ಸೌಂಡಿಲ್ಲದ ಲ್ಯಾಪ್‌ಟಾಪ್ ಅಂದರೆ ಸಿನಿಮಾ ಇಲ್ಲ, ಅಷ್ಟೇ. ಕಾಕಾಗೆ? ಅದು ಬೀಗ ಹಾಕಿದ ಪೆಟ್ಟಿಗೆ. ಸ್ಪೀಕರೂ ಮೂಕ, ಇಯರ್‌ಫೋನೂ ಮೂಕ. ಮೂಲೆಯ ಚಿತ್ರ ಮಾತ್ರ ವಾಲ್ಯೂಮ್ ನೂರಕ್ಕೆ ನೂರು ಅಂತ ತೋರಿಸುತ್ತಿತ್ತು.

ಲ್ಯಾಪ್‌ಟಾಪನ್ನು ಮನೆಗೆ ಹೊತ್ತು ತಂದೆ. ಮುಂದಿನ ಮೂರು ದಿನ ನಾನು ಇಂಟರ್ನೆಟ್ಟಿನ ಚರ್ಚೆಕಟ್ಟೆಗಳಲ್ಲಿ ಅಲೆದೆ. ಅಲ್ಲಿ ನನ್ನಂಥವರದ್ದೇ ದೊಡ್ಡ ಜಾತ್ರೆ. ಯಾರೋ ಕೇಳಿದ್ದಾರೆ, ಯಾರೋ ಒಂದು ಸಾಲು ಕೊಟ್ಟಿದ್ದಾರೆ, ‘ಬಂತು, ಬಂತು, ಥ್ಯಾಂಕ್ಸ್’ ಅಂತ ಕೇಳಿದವರು ಕುಣಿದಿದ್ದಾರೆ. ಆ ಸಾಲನ್ನು ಕಾಪಿ ಮಾಡುವುದು, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಪೇಸ್ಟ್ ಮಾಡುವುದು, ಎಂಟರ್ ಒತ್ತುವುದು. ಕುಣಿಯುವ ಪಾಳಿ ನನ್ನದಾಗಲಿಲ್ಲ. ಶನಿವಾರ ಸಂಜೆ ಒಂದು ತಪ್ಪು ಮಾತ್ರ ಸಿಕ್ಕಿತು. ಲ್ಯಾಪ್‌ಟಾಪು ತನ್ನ ಸೌಂಡನ್ನೆಲ್ಲ ಟಿವಿಗೆ ಕೇಬಲ್ ಜೋಡಿಸುವ ತೂತಿಗೆ ಕಳಿಸುತ್ತಿತ್ತು! ಟಿವಿಯೇ ಇಲ್ಲ, ಕೇಬಲ್ಲೂ ಇಲ್ಲ. ಅದನ್ನು ಸ್ಪೀಕರಿನ ಕಡೆ ತಿರುಗಿಸಿದೆ.

ಆದರೂ ಮೌನ.

ಭಾನುವಾರ ಸೋಲೊಪ್ಪಿಕೊಳ್ಳಲು ಹಳೇ ಹುಬ್ಬಳ್ಳಿಗೆ ಹೋದೆ. “ಕಾಕಾ, ಈ ಮಷಿನ್ನಿನ ಸೌಂಡ್ ಕಾರ್ಡೇ ಹೋಗಿರಬೇಕು. ಬೇರೆ ಏನಾದರೂ ನೋಡೋಣ,” ಅಂದೆ.

“ಒಮ್ಮೆ ಹಚ್ಚರಿ ನೋಡೂಣು.”

ಒಂದು ಹಾಡಿನ ಫೈಲ್ ಶುರು ಮಾಡಿದೆ. ಕಾಕಾ ತಲೆ ಸ್ವಲ್ಪ ಓರೆ ಮಾಡಿದರು. ನಿಲ್ಲಿಸಿದೆ. ಅರ್ಧ ನಿಮಿಷ ಕಳೆಯಿತು.

“ಮತ್ತೊಮ್ಮೆ.”

ಹಚ್ಚಿದೆ. ಕಾಕಾ ತೊಡೆ ತಟ್ಟಿದರು. “ಬುಧವಾರ ಇದು ಸತ್ತಿತ್ತು. ಇವತ್ತ ಜೀವ ಐತಿ ನೋಡ್ರಿ. ನೀವು ಹಚ್ಚಿದ ಕೂಡ್ಲೆ ‘ಟಕ್’ ಅಂತೈತಿ.”

ಆಗಲೇ ನಾನು ನೆಲಕ್ಕೆ ಮೊಣಕಾಲೂರಿದ್ದು, ಕಿವಿ ಹಚ್ಚಿದ್ದು. ನನಗೆ ಏನೂ ಕೇಳಲಿಲ್ಲ. ಮೂರನೆಯ ಸಲ ಏನೋ ಕೇಳಿದ ಹಾಗಾಯಿತು. ಕೇಳಿತೋ, ಕೇಳಬೇಕೆಂಬ ಆಸೆಯೋ? ದೇವರಾಣೆ ಗೊತ್ತಿಲ್ಲ. (ದೇವರ ಬಗ್ಗೆಯೂ ನನಗೆ ಖಾತ್ರಿ ಇಲ್ಲ.)

“ಬೋರ್ಡಿನ್ಯಾಗ ಹಿಂಗ ಇರತಿತ್ರಿ,” ಕಾಕಾ ಕೈ ಮುಂದೆ ಚಾಚಿ ತೋರಿಸಿದರು. ಇಲ್ಲದ ಬೋರ್ಡಿಗೆ ಇಲ್ಲದ ವೈರು ಚುಚ್ಚಿದರು. “ಲೈನ್ ಸತ್ತಿದ್ರ ಪಿನ್ ಹಾಕಿದ್ರೂ ಕಲ್ಲಿನಂಗ. ಲೈನ್ ಇದ್ದು ಆಕಡಿ ಮನಷ್ಯಾ ಸುಮ್ಮನಿದ್ರ, ‘ಟಕ್’ ಅಂದು ಆಮ್ಯಾಲೆ ಗಪ್. ಅಂದ್ರ ಸಾಹೇಬ್ರು ರಿಸೀವರ್ ಎತ್ತ್ಯಾರ, ಅದರ ಬಾಯಿ ಕೈಲೆ ಮುಚ್ಚಿ ಪಿಎಗ ‘ನಾ ಇಲ್ಲ ಅಂತ ಹೇಳೋ’ ಅನ್ನಾಕತ್ತಾರ ಅಂತ. ಈ ನಿಮ್ಮ ಲ್ಯಾಪ್‌ಟಾಪೂ ಅದನ್ನ ಮಾಡಾಕತ್ತೈತಿ. ಬಾಯಿ ಮ್ಯಾಲಿನ ಕೈ ತಗಸ್ರಿ.”

ನಂಬಲೇ? ನಾನು ಯೂನಿವರ್ಸಿಟಿಯಲ್ಲಿ ಕಲಿತವನು. ಪರೀಕ್ಷೆ ಮಾಡದೆ ನಂಬಿದರೆ ನನ್ನ ಮೇಷ್ಟ್ರುಗಳಿಗೆ ಅವಮಾನ. ಕಾಕಾನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ.

“ಕಾಣದವಂಗ ಬೆನ್ನ ಯಾಕ ತಿರಗಸ್ತೀರಿ ಲೇಖಕರ?” ಅಂದರು ಕಾಕಾ.

ಶಬಾನಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಭ್ಯಾಸಬಲ, ಏನು ಮಾಡುವುದು! ಆದರೂ ಹಟ ಬಿಡಲಿಲ್ಲ. ಹತ್ತು ಸಲ ಕೀ ಒತ್ತುತ್ತೇನೆ, ಪ್ರತಿ ಸಲ ಅರ್ಧ ನಿಮಿಷ ಬಿಟ್ಟು. ಹಾಡು ಹಚ್ಚುವ ಕೀಯೋ, ಏನೂ ಮಾಡದ ಸುಳ್ಳು ಕೀಯೋ ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತೇನೆ. ಕಾಕಾ ‘ಐತಿ’ ಅಥವಾ ‘ಇಲ್ಲ’ ಅನ್ನಬೇಕು. ಶಬಾನಾ ಪೇಪರಿನ ಅಂಚಿನಲ್ಲಿ ಗುರುತು ಹಾಕಬೇಕು.

ಐತಿ. ಇಲ್ಲ. ಇಲ್ಲ. ಐತಿ. ಓಣಿಯಲ್ಲಿ ಆಟೋ ಹೋಯಿತು, ಕಾಕಾ “ತಡೀರಿ” ಅಂದರು, ಅದು ದಾಟಿದ ಮೇಲೆ ಮತ್ತೆ ಐತಿ.

ಹತ್ತಕ್ಕೆ ಹತ್ತು.

ನಾನು ನೆಲದ ಮೇಲೆ ಹಾಗೇ ಕುಳಿತೆ. ರೋಮಾಂಚನ ಎಂಬ ಶಬ್ದವನ್ನು ನಾನು ಬರೆಯುವುದಿಲ್ಲ. ಆದರೆ ಅವತ್ತು ನನ್ನ ತೋಳಿನ ಮೇಲೆ ಎದ್ದ ಕೂದಲಿಗೆ ಬೇರೆ ಹೆಸರಿಲ್ಲ.

“ದೇವರು ಒಂದು ಕಸಿದುಕೊಂಡು ಇನ್ನೊಂದು ಕೊಟ್ಟಿರ್ತಾನೆ ಅಂತಾರಲ್ಲ ಕಾಕಾ...” ಅಂದುಬಿಟ್ಟೆ. ನನ್ನ ಬಾಯಲ್ಲಿ ಆ ಮಾತು ಹೇಗೆ ಬಂತೋ.

ಕಾಕಾ ಸಿಟ್ಟಾದರು. “ದೇವರೇನ ಪುಕ್ಕಟೆ ಕೊಟ್ಟಿಲ್ರಿ. ಮೂವತ್ತ ವರ್ಷ ಬೋರ್ಡಿನ ಮುಂದ ಕುಂತು ಕಲತೇನಿ. ಗುರುಪಾದಪ್ಪಗ ಎರಡೂ ಕಣ್ಣ ಛಲೋ ಇದ್ವು. ಅವಂಗೂ ಇಷ್ಟ ಸಣ್ಣ ಸಪ್ಪಳ ಕೇಳತಿತ್ತು. ನಾ ಅವನ ಕಡಿಂದನ ಕಲತದ್ದು.”

ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ.

“ಈಗ ಹೇಳ್ರಿ, ಬಾಯಿ ಮುಚ್ಚಿದವ್ರು ಯಾರು? ಮನ್ಯಾಗ ಏನೇನ ಒತ್ತೀರಿ ನೀವು?”

“ಮುಚ್ಚುವ ಕೆಲಸ ನಾನು ಮಾಡೇ ಇಲ್ಲ ಕಾಕಾ. ನನಗೆ ಚೆನ್ನಾಗಿ ನೆನಪಿದೆ.”

“ನಿಮಗ ನೆನಪೈತಿ, ಖರೇ. ಅದಕ್ಕ ನೆನಪಿರತೈತೇನು?”

ಅದಕ್ಕೆ ನೆನಪಿರುತ್ತದೆ! ಟರ್ಮಿನಲ್ಲಿನಲ್ಲಿ ನಾವು ಕೊಟ್ಟ ಪ್ರತಿ ಆಜ್ಞೆಯನ್ನೂ ಲಿನಕ್ಸ್ ಸಾಲಾಗಿ ಬರೆದಿಡುತ್ತದೆ. ಕೇಳಿದರೆ ತೆಗೆದು ತೋರಿಸುತ್ತದೆ. ತೆಗೆದೆ. ನನ್ನ ಮೂರು ದಿನದ ಅಲೆದಾಟ ಪರದೆಯ ತುಂಬ ಇಳಿಯಿತು, ನನ್ನ ಸ್ಪೆಲ್ಲಿಂಗ್ ತಪ್ಪುಗಳ ಸಮೇತ. ಅದರ ನಡುವೆ ಒಂದು ಸಾಲು. ಸೌಂಡಿನ ಬಾಗಿಲು ಮುಚ್ಚಿದ್ದರೆ ತೆರೆ, ತೆರೆದಿದ್ದರೆ ಮುಚ್ಚು ಅನ್ನುವ ಆಜ್ಞೆ. ನಮ್ಮ ಮನೆಯ ಬೆಡ್‌ಲ್ಯಾಂಪಿನ ಬಟನ್ನಿನ ಹಾಗೆ, ಒಮ್ಮೆ ಒತ್ತಿದರೆ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ.

ಅದನ್ನು ನಾನು ಕೊಟ್ಟಿದ್ದೆ. ಒಮ್ಮೆಯಲ್ಲ, ಮೂರು ಸಲ. ಬೇರೆ ಬೇರೆ ಜನರ ಬೇರೆ ಬೇರೆ ಸಲಹೆ ಅಂದುಕೊಂಡು ಅದೇ ಸಾಲನ್ನು ಮೂರು ಸಲ ಪೇಸ್ಟ್ ಮಾಡಿದ್ದೆ. ಮೊದಲು ತೆರೆದೇ ಇದ್ದ ಬಾಗಿಲನ್ನು ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಅದು ಮುಚ್ಚಿದ ಮೇಲೆ ಸೌಂಡನ್ನು ಟಿವಿಯಿಂದ ಸ್ಪೀಕರಿನ ಕಡೆ ತಿರುಗಿಸಿದೆ. ಬರುವುದೆಲ್ಲಿಂದ? ಒಂದು ಸಲ ಕಡಿಮೆ ಶ್ರಮಪಟ್ಟಿದ್ದರೆ ಶನಿವಾರವೇ ಕುಣಿಯಬಹುದಿತ್ತು.

ಈ ಮೂರರಲ್ಲಿ ಒಂದಾದರೂ ನೆನಪಿದೆಯೇ? ಇಲ್ಲ. ಕಣ್ಣೆದುರು ಸಾಲು ಇದೆ, ಒತ್ತಿದ ಬೆರಳು ನನ್ನದೇ, ಆದರೂ ಬೇರೆ ಯಾರದೋ ದಿನಚರಿ ಓದಿದಂತಿತ್ತು. ‘ನಾನು ಮಾಡೇ ಇಲ್ಲ’ ಅಂತ ಈವರೆಗೆ ಹೆಂಡತಿಯೊಂದಿಗೆ ಹೂಡಿದ ವಾದಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅವಕ್ಕೆ ಇಂಥದೊಂದು ಪಟ್ಟಿ ಇಲ್ಲದ್ದು ಪುಣ್ಯ.

ನಾಲ್ಕನೆಯ ಸಲ ಒತ್ತಿದೆ.

ಪಡಸಾಲೆ ಬೆಚ್ಚಿಬೀಳುವಂತೆ ಲ್ಯಾಪ್‌ಟಾಪು ಮಾತಾಡಿತು! ವಾಲ್ಯೂಮ್ ನೂರರಲ್ಲಿ ಇತ್ತಲ್ಲ. ನೆಗಡಿಯಾದ ಗುಮಾಸ್ತನೊಬ್ಬ ಆದೇಶ ಓದಿದಂಥ ದನಿ. ಯಾವ ಊರಿನದೂ ಅಲ್ಲದ ಕನ್ನಡ. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು.

“ಇದಕ್ಕಿಂತ ನಮ್ಮ ಶಬಾನಾನ ದನಿ ಲಾಖ್ ಪಟ್ಟು ಛಲೋ ಐತಿ,” ಅಂದರು ಕಾಕಾ.

“ಹಂಗಾರ ನನ್ನ ಕೈಲೇನ ಓದಸ್ರಿ ಅಬ್ಬಾಜಾನ್!” ಅಂದಳು ಶಬಾನಾ.

“ಇದು ಪುಟ ಹಾರಸಂಗಿಲ್ಲಲ್ಲವಾ.”

ಶಬಾನಾ ತಲೆ ತಗ್ಗಿಸಿದಳು. ಕಾಕಾ ಅವಳ ದಿಕ್ಕಿಗೆ ಕೈ ಚಾಚಿದರು. ಅವಳು ಬಂದು ಕೈ ಹಿಡಿದಳು.

ಪೇಪರಿನ ವೆಬ್‌ಸೈಟು ತೆರೆಯುವುದು, ಮುಂದಿನ ಸುದ್ದಿಗೆ ಹೋಗುವುದು, ಹಿಂದೆ ಬರುವುದು, ಹೀಗೆ ನಾಲ್ಕೈದು ಕೀಗಳನ್ನು ಹೇಳಿಕೊಟ್ಟೆ. ಎರಡನೆಯ ಸಲ ಹೇಳಬೇಕಾಗಲಿಲ್ಲ. ಕಾಕಾ ಜೇಬಿನಿಂದ ಇಯರ್‌ಫೋನ್ ತೆಗೆದರು. ತೂತನ್ನು ಬೆರಳಿನಿಂದ ಹುಡುಕಿ ಚುಚ್ಚಿದರು. ಎರಡೂ ಕಿವಿಗೆ ಹಾಕಿಕೊಂಡರು.

ಪಡಸಾಲೆ ಮತ್ತೆ ನಿಶ್ಶಬ್ದ. ನಾಲ್ಕು ದಿನ ಯಾವ ಮೌನದ ಜೊತೆ ಗುದ್ದಾಡಿದ್ದೆನೋ, ಅಂಥದ್ದೇ ಮೌನ. ಆದರೆ ಇದನ್ನು ನೋಡುತ್ತ ಕೂರಬೇಕು ಅನ್ನಿಸಿತು.

ಪರದೆ ನನ್ನ ಕಡೆಗಿತ್ತು. ಕಾಕಾ ರಾಜಕೀಯ ದಾಟಿದರು, ಕ್ರಿಕೆಟ್ ದಾಟಿದರು, ನೆಟ್ಟಗೆ ನಿಧನ ವಾರ್ತೆಗೆ ಹೋದರು. ಒಂದೊಂದೇ ಹೆಸರು, ಒಂದೊಂದೇ ಊರು. ಕೀ ಒತ್ತುವ ಸಪ್ಪಳ ಮಾತ್ರ. ಶಬಾನಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತು ಮಾವನ ಮುಖ ನೋಡುತ್ತಿದ್ದಳು. ಚಹಾ ಆರುತ್ತಿತ್ತು. ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ.

ಕೊನೆಯ ಹೆಸರು ಮುಗಿಯಿತು. ಕಾಕಾ ಒಂದು ಕಿವಿಯ ಇಯರ್‌ಫೋನ್ ತೆಗೆದು, ಯಾರಿಗೂ ಅಲ್ಲದಂತೆ ಹೇಳಿದರು.

“ಇವತ್ತ ನನ್ನವ್ರು ಯಾರೂ ಇಲ್ಲ.”

ಆ ಮುಖದ ಮೇಲಿನ ನಿರಾಳವನ್ನು ವರ್ಣಿಸಲು ನನಗೆ ಬರುವುದಿಲ್ಲ. ಇಯರ್‌ಫೋನ್ ಮತ್ತೆ ಕಿವಿಗೆ ಹೋಯಿತು. ಕಾಕಾ ಕ್ರಿಕೆಟ್ಟಿಗೆ ಮರಳಿದರು. ಶಬಾನಾ ಚಹಾ ಬಿಸಿ ಮಾಡಲು ಒಳಗೆ ಹೋದಳು.

ನಮ್ಮವರು ಯಾರೂ ಸತ್ತಿಲ್ಲ ಎಂಬ ಸುದ್ದಿಯನ್ನು ಯಾವ ಪೇಪರೂ ಅಚ್ಚು ಹಾಕುವುದಿಲ್ಲ; ಅದನ್ನು ನಮ್ಮ ಪರವಾಗಿ ಬೇರೆಯವರು ಹೇಗೆ ತಾನೇ ಓದಿಯಾರು?