ಶಿರೂರಿನ ಮೀನುಬುಟ್ಟಿ

ಬೈಂದೂರಿಗೆ ಹೋಗುವ ಬಸ್ಸಿಗಾಗಿ ನಾವು ಎಂಟು ಹತ್ತು ಜನ ಶಿರೂರಿನಲ್ಲಿ ಕಾಯುತ್ತಿದ್ದೆವು. ಹಾಡಹಗಲೇ ಕಳ್ಳನೊಬ್ಬ ಅಲ್ಲಿದ್ದ ಅಜ್ಜಿಯೊಬ್ಬರ ಕುತ್ತಿಗೆಯ ಕರಿಮಣಿ ಸರ ಕಿತ್ತು ಓಡಿದ. ಕೈಯಲ್ಲಿ ಚೂರಿ ಇತ್ತು. ನಾವೆಲ್ಲ ದಾರಿ ಬಿಟ್ಟೆವು. ನಾನಂತೂ ಎರಡು ಹೆಜ್ಜೆ ಹೆಚ್ಚೇ ಹಿಂದೆ ಸರಿದೆ. ಮೀನು ಮಾರುವ ಹೆಂಗಸೊಬ್ಬರು ಮಾತ್ರ ತಲೆಯ ಮೇಲಿನ ಬುಟ್ಟಿಯನ್ನು ಅವನ ಕಾಲಿಗೇ ಎತ್ತಿಹಾಕಿದರು. ಬಂಗುಡೆಗಳ ಮೇಲೆ ಜಾರಿ ಬಿದ್ದವನು ಸರ ಬಿಟ್ಟು, ಆಕೆಯ ಮುಂಗೈಗೆ ಚೂರಿಯಿಂದ ಗೀರಿ ಪರಾರಿಯಾದ.

ನಮಗೆಲ್ಲ ಬಾಯಿ ಬಂದದ್ದು ಆಮೇಲೆ.

"ಹೊಟ್ಟಿಗ್ ಚುಚ್ಚಿದ್ರೆ ಎಂತ ಮಾಡ್ತಿದ್ರಿ ಮಾರಾಯ್ರೆ?" ಎಂದು ಪಕ್ಕದ ಅಂಗಡಿಯವರು ಆಕೆಯನ್ನೇ ಗದರಿದರು. ಚೂರಿಯೆದುರು ಹೋಗುವುದು ಬುದ್ಧಿವಂತಿಕೆಯಲ್ಲ ಎಂದು ನಾನೂ ದನಿಗೂಡಿಸಿದೆ. ಈಗಲೂ ಹಾಗೇ ಅನ್ನಿಸುತ್ತದೆ.

ಆಕೆ ಗಾಯಕ್ಕೆ ಸೆರಗು ಸುತ್ತಿ, ಮಣ್ಣಾದ ಮೀನುಗಳನ್ನು ಆಯ್ದು ಬುಟ್ಟಿಗೆ ತುಂಬಿಕೊಂಡರು. ತುಂಬಿದ ಬುಟ್ಟಿ ತಲೆಗೇರಬೇಕಾದರೆ ಯಾವಾಗಲೂ ಇನ್ನೊಬ್ಬರು ಬೇಕಂತೆ, ನನಗದು ಗೊತ್ತಿರಲಿಲ್ಲ. ನೆತ್ತಿಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಂಡು ಅವರು ನನ್ನನ್ನೇ ಕರೆದರು.

"ಹ್ವಾಯ್, ಒಂಚೂರ್ ಎತ್ತಿ ಕೊಡಿ. ಇದ್ ಒಬ್ಬ್ರ ಹತ್ರ ಆಪ್ದಲ್ಲ."