ಚೀಲ ಕಟ್ಟಿದ ಹೂ

ಸುಂಕಮ್ಮನ ಕೈ ಸುಮ್ಮನಿದ್ದದ್ದನ್ನು ನಮ್ಮ ಬಾದನಹಟ್ಟಿಯಲ್ಲಿ ಯಾರೂ ನೋಡಿಲ್ಲ. ಬಸ್ಸಿಗೆ ಕಾಯುವಾಗಲೂ ಸೆರಗಿನ ದಾರ ಎಳೆಯುತ್ತಿರುತ್ತಾಳೆ. ನಮ್ಮ ಮನೆಗೆ ಬಂದರೆ ಮೊದಲು ಸೊಪ್ಪಿನ ಬುಟ್ಟಿ ಅವಳ ಮುಂದಿಡುತ್ತೇನೆ, ಇಲ್ಲವಾದರೆ ನನ್ನ ಚಾಪೆಯ ಕಡ್ಡಿ ಒಂದೊಂದಾಗಿ ಕಿತ್ತಿಟ್ಟು ಹೋಗುತ್ತಾಳೆ, ಮಹಾರಾಯಗಿತ್ತಿ.

ಹುಡುಗಿಯಾಗಿದ್ದಾಗಿನಿಂದ ಸಿರಿಗೇರಿ ಕಡೆಯ ಬೀಜದ ಹೊಲಗಳಲ್ಲಿ ಅವಳದು ಕ್ರಾಸಿಂಗ್ ಕೆಲಸ. ಸಂಜೆ ಹತ್ತಿಯ ಮೊಗ್ಗು ಬಿಡಿಸಿ, ಗಂಡು ಕೇಸರ ತೆಗೆದು, ಚೀಲ ತೊಡಿಸಬೇಕು. ಬೆಳಿಗ್ಗೆ ಚೀಲ ಬಿಚ್ಚಿ, ಬೇರೆ ತಳಿಯ ಗಂಡು ಹೂವನ್ನು ಅದಕ್ಕೆ ಒರೆಸಬೇಕು. ಅಲ್ಲಿ ಜೇನುಹುಳವೇ ವೈರಿ, ಮುಟ್ಟಿತೆಂದರೆ ಬೀಜ ಕೆಟ್ಟಂತೆ. ಹೂ ಉದುರಿದರೆ ಮೇಸ್ತ್ರಿಯ ಬೈಗುಳ ಪಕ್ಕದ ಹೊಲಕ್ಕೂ ಕೇಳುತ್ತಿತ್ತು.

ಹೋದ ವರ್ಷ ಬಳ್ಳಾರಿಯಿಂದ ಗೌತಮಿ ಬಂದಳು. ಹೊಲಗಳಲ್ಲಿ ಜೇನುಹುಳಗಳು ಏಕೆ ಕಡಿಮೆಯಾಗುತ್ತಿವೆ ಎಂದು ಸಂಶೋಧನೆ ಮಾಡುವ ಹುಡುಗಿ. ಜಂಬಣ್ಣನ ಕುಂಬಳದ ಹೊಲದ ಬದುವಿನಲ್ಲಿ ಒಂಟಿಯಾಗಿ ಬಾಳುವ ಜೇನುಗಳು ಮಣ್ಣು ಕೊರೆದು ಗೂಡು ಮಾಡಿದ್ದವು. ಜಂಬಣ್ಣನಿಗೋ ಆ ಬದು ಒಡೆದು ಇನ್ನೆರಡು ಸಾಲು ಹಾಕುವ ಆಸೆ.

"ಹುಳ ಇಲ್ಲಂದ್ರ ಕಾಯಿ ಹಿಡಿಯಂಗಿಲ್ಲ ಅಂತ ತೋರಿಸ್ರಿ, ಬದು ಮುಟ್ಟಂಗಿಲ್ಲ. ಇಲ್ಲಂದ್ರ ಟ್ರ್ಯಾಕ್ಟರ್ ಕರಸ್ತೀನಿ," ಎಂದ.

ಗೌತಮಿ ಒಪ್ಪಿದಳು. ಸುಂಕಮ್ಮನನ್ನು ಕೂಲಿಗೆ ಕರೆದು, ಕೆಲವು ಹೆಣ್ಣು ಮೊಗ್ಗುಗಳಿಗೆ ಬಲೆಯ ಚೀಲ ಕಟ್ಟಿಸಿದಳು. "ಅಕ್ಕಾ, ಈ ಹೂವಿಗೆ ಒಂದು ಹುಳಾನೂ ಮುಟ್ಟಬಾರ್ದು ನೋಡು."

ಈ ಮಾತು ಸುಂಕಮ್ಮನಿಗೆ ಹೊಸದೇ? ಹುಳ ಮುಟ್ಟಬಾರದು ಎಂದರೆ ತಾನು ಮುಟ್ಟಬೇಕು ಎಂದೇ ಅವಳ ಲೆಕ್ಕ. ದಿನಾ ಗೌತಮಿಯ ಬಸ್ಸು ಬರುವ ಮೊದಲೇ ಹೊಲಕ್ಕೆ ಹೋಗಿ, ಗಂಡು ಹೂ ಕಿತ್ತು, ಎಸಳು ಹರಿದು, ಚೀಲ ಬಿಚ್ಚಿ ಒರೆಸಿ, ಮತ್ತೆ ಕಟ್ಟಿಟ್ಟಳು. ಒಂದನ್ನೂ ಬಿಡಲಿಲ್ಲ.

ಕೆಲವೇ ದಿನಗಳಲ್ಲಿ ಚೀಲದೊಳಗೆ ಕಾಯಿಗಳು ದುಂಡಗೆ ಊದಿಕೊಂಡವು. ಗೌತಮಿ ಬದುವಿನ ಮೇಲೆ ಕುಸಿದು ಕೂತಳು. ಜಂಬಣ್ಣ ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಹುಳ ಇಲ್ದನ ಬೇಸ್ ಹಿಡದಾವಲ್ರಿ! ನಾಳೆ ಟ್ರ್ಯಾಕ್ಟರ್ ಬರ್ತೈತಿ."

ಶಹಬ್ಬಾಸ್‌ಗಿರಿಗೆ ಕಾದು ನಿಂತಿದ್ದ ಸುಂಕಮ್ಮ ತಬ್ಬಿಬ್ಬಾದಳು. "ಯಾಕ್ರೀ ಮೇಡಮ್ಮಾರೆ, ಒಂದು ಹೂನೂ ಉದುರಿಲ್ಲಲ್ರಿ?"

"ಉದುರಬೇಕಿತ್ತು ಅಕ್ಕಾ."

ಸುಂಕಮ್ಮ ತನ್ನ ಎರಡೂ ಕೈ ಮುಂದೆ ಚಾಚಿದಳು. "ನಾನ ಒರೆಸೀನ್ರಿ. ಕೈಲೆ. ಎಲ್ಲಾ ಹೂವಿಗೂ."

"ಯಾರು ಹೇಳಿದ್ರು ನಿನಗ?" ಗೌತಮಿ ಚೀರಿದಳು.

"ಚೀಲ ಕಟ್ಟಿದ ಮ್ಯಾಲೆ ಬ್ಯಾರೆ ಹೇಳಬೇಕೇನ್ರಿ?"

ಜಂಬಣ್ಣ ನಂಬಲಿಲ್ಲ. ಬದು ಉಳಿಸಲು ಇಬ್ಬರೂ ಸೇರಿ ನಾಟಕ ಆಡುತ್ತಿದ್ದಾರೆ ಎಂದ. ಸುಂಕಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮತ್ತ ಕಟ್ಟೋಣ್ರಿ ಚೀಲ. ನಾ ಮುಟ್ಟಂಗಿಲ್ಲ. ನೀವ ಕುಂತು ನನ್ನ ಕಾಯ್ರಿ, ಜಂಬಣ್ಣಾರೆ."

ಕಾದ. ಹಠಕ್ಕೆ ಬಿದ್ದರೆ ಅವನೂ ಕಡಿಮೆಯವನಲ್ಲ. ಹೊಸ ಮೊಗ್ಗುಗಳಿಗೆ ಚೀಲ ಕಟ್ಟಿದರು. ಬೆಳಿಗ್ಗೆ ಹೂಗಳು ಚೀಲದೊಳಗೇ ಅರಳಿದವು. ಜೇನುಹುಳಗಳು ಬಂದು, ಬಲೆಗೆ ಮುಖ ಒತ್ತಿ, ಸುತ್ತಿ ಸುತ್ತಿ ಹೊರಟುಹೋದವು. ಸುಂಕಮ್ಮ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಬದುವಿನ ಮೇಲೆ ಕೂತಿದ್ದಳು. ಕೂತಲ್ಲೇ ಕಾಲು ಕುಣಿಸುತ್ತಿದ್ದಳು. ಬಿಸಿಲೇರಿ ಹೂಗಳು ಮುದುಡತೊಡಗಿದಾಗ ಒಂದು ಕೈ ತಾನಾಗಿ ಹೊರಗೆ ಬಂತು. ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾಪ, ಅಂಥ ಶಿಕ್ಷೆಯನ್ನು ಅವಳಿಗೆ ಯಾವ ಮೇಸ್ತ್ರಿಯೂ ಕೊಟ್ಟಿರಲಿಲ್ಲ.

ಹೂವಿನ ಬುಡದ ಎಳೆಕಾಯಿಗಳು ದಿನ ಕಳೆದಂತೆ ಹಳದಿಯಾಗಿ, ಒಂದೊಂದೇ ಉದುರಿದವು. ಒಂದೂ ಉಳಿಯಲಿಲ್ಲ. ಜಂಬಣ್ಣ ಫೋನ್ ತೆಗೆದು ಟ್ರ್ಯಾಕ್ಟರಿನವನಿಗೆ, "ಬ್ಯಾಡಪ್ಪ, ಬದು ಇರ್ಲಿ," ಎಂದ. ಗೌತಮಿ ಸುಂಕಮ್ಮನನ್ನು ತಬ್ಬಿಕೊಂಡಳು.

ಅವಳಿಂದ ಬಿಡಿಸಿಕೊಂಡು, ಉದುರಿದ ಎಳೆಕಾಯಿಗಳನ್ನು ಸೆರಗಿಗೆ ತುಂಬಿಕೊಂಡು ಸುಂಕಮ್ಮ ನೇರ ನಮ್ಮ ಮನೆಗೆ ಬಂದಳು. ಚಾಪೆಯ ಮೇಲೆ ಸುರಿದಳು.

"ಬದು ಉಳೀತು, ಚಲೋ ಆತು. ಆದ್ರ ನೋಡ ಯಕ್ಕಾ," ಎಂದಳು. "ಕೈ ಮುಟ್ಟಿಸಿದ್ರ ಎಲ್ಲಾ ಹಿಡೀತಿದ್ವು."

ಹೇಳುತ್ತಲೇ ಅತ್ತಳು. ಅಳುತ್ತಲೇ ನನ್ನ ಚಾಪೆಯ ಕಡ್ಡಿ ಕೀಳತೊಡಗಿದಳು. ಕಿತ್ತುಕೊಳ್ಳಲಿ ಎಂದು ಬಿಟ್ಟೆ.