ಕೊಡವಿ ಹಾಕಿದ ಹುಲ್ಲು

ಗೌರಿ ಮೊದಲು ಕೆಮ್ಮಿದ್ದು ಹಾಲು ಕರೆಯುವಾಗ. ಬಕೆಟ್ ಉರುಳಿ ಹಾಲು ಚೆಲ್ಲಿತು. ಬೈದೆ. ಹಸು ಕೆಮ್ಮುವುದೇನು ದೊಡ್ಡ ವಿಷಯ ಎಂದುಕೊಂಡೆ.

ಹದಿನೈದು ದಿನದಲ್ಲಿ ಕೆಮ್ಮು ಹೆಚ್ಚಿತು. ನೀರಿನ ತೊಟ್ಟಿಯವರೆಗೆ ನಡೆದರೂ ಪಕ್ಕೆಗಳು ಏರಿ ಇಳಿಯುತ್ತಿದ್ದವು. ಎಂಟು ಲೀಟರ್ ಕೊಡುತ್ತಿದ್ದ ಹಸು ಮೂರಕ್ಕೆ ಇಳಿಯಿತು. ಜ್ವರವಿಲ್ಲ. ನ್ಯುಮೋನಿಯಾ ಇರಬಹುದೆಂದು ದನದ ಡಾಕ್ಟರು ಐದು ದಿನ ಇಂಜೆಕ್ಷನ್ ಕೊಟ್ಟರು. ಕಡಿಮೆಯಾಗಲಿಲ್ಲ. ಟೀಬಿ ಟೆಸ್ಟ್ ಮಾಡಿದರು, ಅದೂ ಅಲ್ಲ.

"ಕೊಟ್ಬಿಡೋಣ ಕಣೇ. ನಿಂತಿರೋವಾಗ್ಲೇ ಯಾರಾದ್ರೂ ತಗೊಂಡು ಹೋಗ್ಲಿ," ಎಂದರು ನಮ್ಮ ಯಜಮಾನರು. ಕೆಮ್ಮುವ ಹಸುವನ್ನು ಕೊಂಡವರು ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಗೊತ್ತಿತ್ತು. ಕೊಡುವುದಿಲ್ಲ ಎಂದೆ. ಹೇಳಿದೆನೇ ಹೊರತು ಒಳಗೆ ಧೈರ್ಯವಿರಲಿಲ್ಲ.

ಮತ್ತೊಂದು ಸಲ ಬಂದ ಡಾಕ್ಟರು ಹಸುವನ್ನು ಬಿಟ್ಟು ಕೊಟ್ಟಿಗೆಯ ಸುತ್ತ ನೋಡಿದರು. ಮಾಸ್ತಿ ಊರಿನ ಕಡೆಗೆ ಹೋಗುವ ನಮ್ಮ ರಸ್ತೆಯಲ್ಲಿ ಜಲ್ಲಿ ಕ್ರಷರ್‌ನ ಟಿಪ್ಪರ್‌ಗಳು ದಿನವಿಡೀ ಓಡಾಡುತ್ತವೆ. ರಸ್ತೆಯ ಪಕ್ಕದಲ್ಲೇ ನಮ್ಮ ರಾಗಿ ಹುಲ್ಲಿನ ಬಣವೆ. ಅದರ ಮೇಲೆಲ್ಲ ಬಿಳಿ ಕಲ್ಲುಪುಡಿ.

"ಇದನ್ನೇ ಹಾಕ್ತೀರಾ ಅಮ್ಮ?"

"ಹಾಗೇ ಹಾಕಲ್ಲ ಸಾರ್. ಚೆನ್ನಾಗಿ ಕೊಡವಿ ಹಾಕ್ತೀನಿ."

ಅತ್ತೆ ಕಲಿಸಿದ ಅಭ್ಯಾಸ. ಊರಲ್ಲಿ ನನ್ನಷ್ಟು ಶುದ್ಧವಾಗಿ ಹುಲ್ಲು ಹಾಕುವವರಿಲ್ಲ ಎಂಬ ಜಂಬವೂ ಇತ್ತು.

"ಎಲ್ಲಿ, ಒಂದ್ಸಲ ಕೊಡವಿ ತೋರ್ಸಿ."

ಸೆರಗನ್ನು ಮೂಗಿಗೆ ಬಿಗಿಯಾಗಿ ಸುತ್ತಿಕೊಂಡು, ಎಂದಿನಂತೆ ಗೋದಲಿಯ ಮುಂದೆ ನಿಂತು ಒಂದು ಕಂತೆ ಕೊಡವಿದೆ. ಧೂಳು ಎದ್ದಿತು. ಗೌರಿ ಮುಖ ತಿರುಗಿಸಿ ಕೆಮ್ಮಿದಳು.

"ನಿಮ್ಗೇನೋ ಸೆರಗಿದೆ ಅಮ್ಮ," ಎಂದರು ಡಾಕ್ಟರು. "ಅದಕ್ಕೆ?"

ನಾನು ಕಂತೆಯನ್ನು ಕೆಳಗಿಟ್ಟೆ.

ಕೊಡವುವಾಗಲೆಲ್ಲ ಅವಳು ಹಾಗೆಯೇ ಮುಖ ತಿರುಗಿಸುತ್ತಿದ್ದಳು. ಸೊಕ್ಕು ಎಂದುಕೊಂಡು ಹಗ್ಗ ಹಿಡಿದು ಗೋದಲಿಯತ್ತ ಎಳೆದದ್ದೂ ಉಂಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶ್ವಾಸಕೋಶ ಸೇರಿದ ಕಲ್ಲುಪುಡಿ ಹೊರಗೆ ಬರುವುದಿಲ್ಲ, ಇನ್ನಷ್ಟು ಸೇರದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದರು ಡಾಕ್ಟರು. ಬಣವೆಯನ್ನು ಮನೆಯ ಹಿಂದಕ್ಕೆ ಸಾಗಿಸಿ ಟಾರ್ಪಾಲ್ ಹೊದಿಸಿದೆವು. ಕೊಟ್ಬಿಡೋಣ ಎಂದವರೇ ನನಗಿಂತ ಹೆಚ್ಚು ಕಂತೆ ಹೊತ್ತರು. ಈಗ ಹುಲ್ಲನ್ನು ಹೊರಗೇ ನೀರಿನಲ್ಲಿ ಅದ್ದಿ ತರುತ್ತೇನೆ.

ಮೂರು ತಿಂಗಳಾಯಿತು. ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ತೊಟ್ಟಿಯವರೆಗೆ ನಿಲ್ಲದೆ ನಡೆಯುತ್ತಾಳೆ. ಹಾಲು ನಾಲ್ಕು ಲೀಟರ್. ನನಗೆ ಅಷ್ಟು ಸಾಕು.

ನನ್ನ ಕೈಯಲ್ಲಿ ಹುಲ್ಲು ಕಂಡರೆ ಗೌರಿ ಇವತ್ತಿಗೂ ಮೊದಲು ಮುಖ ತಿರುಗಿಸುತ್ತಾಳೆ. "ತಿನು ತಲ್ಲೀ," ತಿನ್ನು ತಾಯಿ, ಎನ್ನುತ್ತೇನೆ. ನಮ್ಮ ಮನೆಯಲ್ಲಿ ದನದ ಜೊತೆ ಮಾತು ತೆಲುಗಿನಲ್ಲೇ. ಹಗ್ಗ ಮುಟ್ಟುವುದಿಲ್ಲ. ಒದ್ದೆ ಹುಲ್ಲನ್ನು ಗೋದಲಿಯಲ್ಲಿ ಇಟ್ಟು, ಅವಳಾಗಿಯೇ ತಿರುಗುವವರೆಗೆ ನಿಂತಿರುತ್ತೇನೆ.